ಕಾಲೇಜಿನ ಕಾಲ್ಚೆಂಡು ತಂಡಕ್ಕೆ ಗುರುಗಳೆಷ್ಟು ಮಂದಿ?

ರೋಣ ತಾಲ್ಲೂಕಿನ ಸವಡಿಯ ಸುತ್ತಲಿನದು ಎರೆಯ ನೆಲ. ಮುಂಗಾರಿನ ಒಂದು ಹದಮಳೆ ಬಿದ್ದಿತೆಂದರೆ ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಳ್ಳುವ, ಬೇಸಗೆ ಬಂದಿತೆಂದರೆ ಅಂಗೈ ಇಳಿಯುವಷ್ಟು ಅಗಲವಾಗಿ ಬಿರಿಯುವ ಈ ನೆಲದಲ್ಲಿ ಜೋಳ, ಕಡಲೆ, ಹತ್ತಿಗಳು ಎಷ್ಟು ಸೊಗಸಾಗಿ ಬೆಳೆಯುವುವೋ ಫುಟ್‌ಬಾಲ್ ಅಷ್ಟೇ ಪ್ರಯಾಸದಿಂದ ಬೆಳೆಯುತ್ತದೆ. ಇಂಥ ಊರುಗಳಿಂದ ಬಸ್ಸು ಹಿಡಿದು ರೋಣಕ್ಕೋ ಗಜೇಂದ್ರಗಡಕ್ಕೋ ಗದಗಿಗೋ ಓದಲು ಹೋಗುವ ತರುಣರಲ್ಲಿ ಆಡಬಲ್ಲವರನ್ನು ಆರಿಸಿ, ಅವರಿಗೆ ಆಟದ ಮರ್ಮವನ್ನು ತಿಳಿಯಹೇಳಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಂತರ್‌ಕಾಲೇಜು ಪಂದ್ಯಗಳಿಗೆ ಒಯ್ಯುವ ಹೊಣೆ, ಅಂಥ ತಂಡವೊಂದು ಕೂಡಿಬಂದಲ್ಲಿ, ಬಹುಮಟ್ಟಿಗೆ ಒಬ್ಬನೇ ವ್ಯಕ್ತಿಯ ಮೇಲೆ ಬೀಳುತ್ತದೆ. ಸರಕಾರದ ಕಡತದಲ್ಲಿ ಆತ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಡಿ. ಸರ್. ಇದೇ ಕಾಲದಲ್ಲಿ ಅಮೆರಿಕೆಯ ದೊಡ್ಡ ವಿಶ್ವವಿದ್ಯಾಲಯವೊಂದರ ತಂಡಕ್ಕೆ, ಅವರ ಫುಟ್‌ಬಾಲ್ ನಮ್ಮದಕ್ಕಿಂತ ಬೇರೆಯ ಆಟವಾದರೂ, ಮುಖ್ಯ ತರಬೇತುದಾರನಲ್ಲದೆ ಹತ್ತು ಮಂದಿ ಸಹಾಯಕ ತರಬೇತುದಾರರನ್ನು 2018ರಿಂದ ಕೆಲವು ವರ್ಷಗಳ ಕಾಲ ನಿಯಮವೇ ಅನುಮತಿಸಿತ್ತು. ಈಚೆಗೆ ಆ ಮಿತಿಯನ್ನೂ ಸಡಿಲಿಸಲಾಗಿದೆ.

ಒಂದು ಕಡೆ ಒಬ್ಬ, ಇನ್ನೊಂದು ಕಡೆ ಹನ್ನೊಂದಕ್ಕೂ ಮಿಕ್ಕು. ಈ ಅಂತರಕ್ಕೆ ಹಣವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹಣದ ಹಿಂದೆ ಅದಕ್ಕಿಂತ ಹಳೆಯದಾದ ವಿವಾದವೊಂದುಂಟು: ವಿದ್ಯಾರ್ಥಿಗಳ ತಂಡವನ್ನು ಪಳಗಿಸತಕ್ಕವನು ಗುರುವೋ, ಅಧ್ಯಾಪಕನೋ, ತಜ್ಞರ ಸಮೂಹವೋ, ಅಥವಾ ಆಟಗಾರರೇ ತಮಗೆ ತಾವು ಸಾಕೋ? ಒಂದು ಶತಮಾನದುದ್ದಕ್ಕೂ ನಡೆದುಬಂದ ಈ ಚರ್ಚೆಯ ನೆಲೆಗಳನ್ನು ಒಂದೆಡೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಚರ್ಚೆ ನಡೆದುಬಂದ ದಾರಿ

ಕಾಲೇಜು ಹುಟ್ಟುವುದಕ್ಕೂ ಮೊದಲು ಈ ಸೀಮೆಯಲ್ಲಿ ಶರೀರವನ್ನು ಪಳಗಿಸುವ ಶಾಲೆಯೆಂದರೆ ಗರಡಿಮನೆ. ಅಲ್ಲಿ ವಸ್ತಾದನ ಮಾತೇ ಶಾಸನ. ಇಂಗ್ಲಿಷ್ ವಿದ್ಯಾಭ್ಯಾಸದೊಡನೆ ಬಂದವನು ಡ್ರಿಲ್ ಮಾಸ್ತರ. ಸಾಲಾಗಿ ನಿಲ್ಲಿಸುವುದು, ಎಡಬಲ ತಿರುಗಿಸುವುದು ಅವನ ಕಾರ್ಯದ ಮೇರೆಯಾಗಿತ್ತು. ಆಟವೂ ವಿದ್ಯೆಯ ಒಂದು ಅಂಗ, ಅದನ್ನು ಕಲಿಸುವವನಿಗೂ ಶಾಸ್ತ್ರೀಯವಾದ ಶಿಕ್ಷಣ ಬೇಕು ಎಂಬ ವಿಚಾರಕ್ಕೆ ದಕ್ಷಿಣ ಭಾರತದಲ್ಲಿ ನೆಲೆ ದೊರೆತದ್ದು 1920ರಲ್ಲಿ, ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದಾಗ. ಹುಬ್ಬಳ್ಳಿಯ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ ವ್ಯಾಯಾಮವನ್ನು ರಾಷ್ಟ್ರಸೇವೆಗೆ ಹೂಡಿದರು. ರೋಣ ತಾಲ್ಲೂಕು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತಾದುದರಿಂದ, ಆ ಪ್ರಾಂತದ ಸರಕಾರ 1937ರಲ್ಲಿ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ನೇಮಿಸಿದ ದೈಹಿಕ ಶಿಕ್ಷಣ ಸಮಿತಿ, ಅದರ ಬೆನ್ನಿಗೇ 1938ರಲ್ಲಿ ಕಾಂದಿವಲಿಯಲ್ಲಿ ಆರಂಭವಾದ ಶಿಕ್ಷಕರ ತರಬೇತಿ ಸಂಸ್ಥೆ, ಇವೆರಡರ ಪ್ರಭಾವಕ್ಕೂ ಈ ಭಾಗದ ಶಾಲೆಗಳು ಒಳಪಟ್ಟುವು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದಾರಿ ಎರಡಾಗಿ ಕವಲೊಡೆಯಿತು. 1957ರಲ್ಲಿ ಗ್ವಾಲಿಯರಿನಲ್ಲಿ ಸ್ಥಾಪಿತವಾದ ಲಕ್ಷ್ಮೀಬಾಯಿ ಕಾಲೇಜು ದೈಹಿಕ ಶಿಕ್ಷಣದ ಅಧ್ಯಾಪಕರನ್ನು ಸಿದ್ಧಪಡಿಸತೊಡಗಿತು. 1953ರ ರಾಜಕುಮಾರಿ ಅಮೃತ್ ಕೌರ್ ತರಬೇತಿ ಯೋಜನೆಯ ಅನಂತರ, 1961ರಲ್ಲಿ ಪಟಿಯಾಲದ ಅರಮನೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಾದರೋ ಒಂದೊಂದು ಆಟಕ್ಕೂ ಬೇರೆ ಬೇರೆ ತರಬೇತುದಾರರನ್ನು ತಯಾರಿಸಿತು. ಕಾಲೇಜುಗಳು ಮೊದಲನೆಯ ಪಂಗಡದವರನ್ನು ನೇಮಿಸಿಕೊಂಡುವು. ಎರಡನೆಯ ಪಂಗಡದವರು ಕ್ರೀಡಾ ಇಲಾಖೆ, ರೈಲ್ವೆ, ಪೊಲೀಸು, ಸೈನ್ಯಗಳ ಕಡೆಗೆ ಹೋದರು. ಇಂದಿನ ತೊಡಕಿನ ಬೇರು ಇಲ್ಲಿದೆ: ಕಾಲೇಜಿನಲ್ಲಿ ತಂಡವಿದೆ, ಆದರೆ ತಂಡವನ್ನು ಪಳಗಿಸುವುದಕ್ಕೆಂದೇ ಕಲಿತವನು ಅಲ್ಲಿಲ್ಲ.

ವಸ್ತಾದರ ಮಾರ್ಗ

ಮೊದಲನೆಯ ಪಕ್ಷದವರು ಹೇಳುವುದಿಷ್ಟು: ತಂಡಕ್ಕೆ ಒಬ್ಬನೇ ಗುರು ಇರತಕ್ಕದ್ದು, ಅವನ ಕಣ್ಣು ಎಲ್ಲರ ಮೇಲೂ, ಎಲ್ಲರ ಕಣ್ಣು ಅವನ ಮೇಲೂ ಇರತಕ್ಕದ್ದು. ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಮಾಡಿದ ಗರಡಿಯ ಕೆಮ್ಮಣ್ಣಿನಲ್ಲಿ ಬೆಳಗಿನ ಜಾವಕ್ಕೆ ಇಳಿಯುವ ಪೈಲ್ವಾನನಿಗೆ ದಂಡ ಎಷ್ಟು, ಬೈಠಕ್ ಎಷ್ಟು, ಯಾವ ಪಟ್ಟನ್ನು ಯಾರ ಮೇಲೆ ಪ್ರಯೋಗಿಸಬೇಕು, ಯಾವ ದಿನ ಉಪವಾಸ, ಯಾವ ದಿನ ಹಾಲು ತುಪ್ಪ ಎಂಬುದನ್ನೆಲ್ಲ ನಿರ್ಣಯಿಸುವವನು ವಸ್ತಾದನೊಬ್ಬನೇ. ದೇಹ, ಆಹಾರ, ನಡತೆ, ಕೌಶಲಗಳನ್ನು ಅವನು ಬೇರೆ ಬೇರೆಯಾಗಿ ಎಣಿಸುವುದಿಲ್ಲ. ಈ ನಾಡಿಗೆ ಗುರುವಿನ ಹುಡುಕಾಟವೂ ಹೊಸದಲ್ಲ. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿಯೇ ಗುರುವನ್ನರಸಿ ಮನೆಬಿಟ್ಟು ಉತ್ತರ ದೇಶವನ್ನೆಲ್ಲ ಸುತ್ತಿ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನೆಲೆಕಂಡರೆಂಬುದು ಸರ್ವವಿದಿತ.

ಫುಟ್‌ಬಾಲಿನಲ್ಲಿ ಈ ಮಾರ್ಗದ ಪರಮ ನಿದರ್ಶನ ಸಯ್ಯದ್ ಅಬ್ದುಲ್ ರಹೀಂ. ರೋಣ ತಾಲ್ಲೂಕಿನ ಪೂರ್ವದ ಗಡಿಯಾಚೆ, ಯಲಬುರ್ಗಿ ಕುಷ್ಟಗಿಗಳ ಕಡೆಗೆ, ಅಂದು ಹೈದರಾಬಾದು ಸಂಸ್ಥಾನ. ಆ ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಅನಂತರ ಶಾಲಾ ಶಿಕ್ಷಕರಾಗಿದ್ದ ರಹೀಂ 1950ರಿಂದ ಹೈದರಾಬಾದು ಸಿಟಿ ಪೊಲೀಸ್ ತಂಡವನ್ನು ಪಳಗಿಸಿದರು. ಆ ತಂಡ 1950ರಿಂದ 1954ರವರೆಗೆ ಐದು ಸಲ ಸತತವಾಗಿ ರೋವರ್ಸ್ ಕಪ್ಪನ್ನು ಗೆದ್ದಿತು. ಅವರ ಕೈಕೆಳಗೆ ಭಾರತ 1951ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿಯೂ 1962ರ ಜಕಾರ್ತದ ಕ್ರೀಡೆಗಳಲ್ಲಿಯೂ ಸ್ವರ್ಣವನ್ನು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಅವರ ಬೋಧನಕ್ರಮದ ಒಂದು ಸಂಗತಿಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಬಲಗಾಲಿನ ಆಟಗಾರ ಎಡಗಾಲನ್ನು ಸೋಮಾರಿಯಾಗಿ ಬಿಟ್ಟುಬಿಡುವುದನ್ನು ಕಂಡು ಅವರು, ದುರ್ಬಲವಾದ ಕಾಲಿನಿಂದ ಮಾತ್ರವೇ ಚೆಂಡನ್ನು ಒದೆಯತಕ್ಕದ್ದು ಎಂಬ ಕಟ್ಟಳೆಯಿಟ್ಟು ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಅದಕ್ಕೆ ಯಂತ್ರ ಬೇಕಾಗಿರಲಿಲ್ಲ, ಸಹಾಯಕರು ಬೇಕಾಗಿರಲಿಲ್ಲ. ದೋಷವನ್ನು ಕಾಣುವ ಕಣ್ಣೊಂದು ಬೇಕಾಗಿತ್ತು.

ಬಡ ಕಾಲೇಜೊಂದು ಒಮ್ಮೊಮ್ಮೆ ಐದಾರು ವರ್ಷಗಳ ಕಾಲ ಎಲ್ಲರನ್ನೂ ಬೆರಗುಗೊಳಿಸಿ ಮತ್ತೆ ಮರೆಯಾಗುವುದೇಕೆ ಎಂಬುದನ್ನು ಈ ಮಾರ್ಗ ಚೆನ್ನಾಗಿ ವಿವರಿಸುತ್ತದೆ: ಅಲ್ಲಿ ಒಬ್ಬ ಗುರು ಇದ್ದನು, ಅವನು ವರ್ಗವಾಗಿ ಹೋದನು. ಇದರ ದೌರ್ಬಲ್ಯವೂ ಅದೇ. 1963ರಲ್ಲಿ ರಹೀಂ ತೀರಿಕೊಂಡ ಮೇಲೆ ಭಾರತಕ್ಕೆ ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ 1970ರ ಕಂಚಿನ ಪದಕವೊಂದನ್ನುಳಿದು ಬೇರೊಂದು ಪದಕ ಬರಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಇದ್ದುವೆಂಬುದು ನಿಜವಾದರೂ, ಒಬ್ಬನಲ್ಲಿಯೇ ನಿಂತ ವಿದ್ಯೆ ಅವನೊಡನೆಯೇ ಹೊರಟುಹೋಗುವ ಅಪಾಯವನ್ನು ಅಲ್ಲಗಳೆಯುವಂತಿಲ್ಲ.

ಅಧ್ಯಾಪಕರ ಮಾರ್ಗ

ಎರಡನೆಯ ಪಕ್ಷ ಬಕ್ ಅವರ ಪರಂಪರೆಯದು. ಕಾಲೇಜಿನ ಆಟದ ಬಯಲು ಹನ್ನೊಂದು ಮಂದಿಯ ಸ್ವತ್ತಲ್ಲ, ಕಾಲೇಜಿಗೆ ಸೇರಿದ ಎಲ್ಲ ವಿದ್ಯಾರ್ಥಿಗಳ ಸ್ವತ್ತು. ಆದಕಾರಣ ಅಲ್ಲಿಗೆ ಬೇಕಾದವನು ಗೆಲ್ಲಿಸುವವನಲ್ಲ, ಆಡಿಸುವವನು ಎಂಬುದು ಇವರ ಮೂಲವಾಕ್ಯ. ಸವಡಿಯ ಒಕ್ಕಲಿಗನ ಮಗ ಫುಟ್‌ಬಾಲಿನಲ್ಲಿ ನಿಪುಣನಾಗದಿದ್ದರೇನು, ಕಾಲೇಜಿನ ಮೂರು ವರ್ಷಗಳಲ್ಲಿ ಓಟ, ಕಬಡ್ಡಿ, ವಾಲಿಬಾಲ್‌ಗಳ ರುಚಿ ಹತ್ತಿಸಿಕೊಂಡು ಹೋದರೆ ಸಾಕು ಎನ್ನುವವರು ಇವರು.

ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ಬಹುಮಟ್ಟಿಗೆ ಈ ಪಕ್ಷವನ್ನೇ ಅನುಸರಿಸುತ್ತವೆ. ಅವುಗಳ ಪ್ರಕಾರ ನಿರ್ದೇಶಕನಾಗಬಯಸುವವನಿಗೆ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ, ಆಟದಲ್ಲಿ ಭಾಗವಹಿಸಿದ ದಾಖಲೆಗಳಿರಬೇಕು; ಮೇಲಾಗಿ ಮೂವತ್ತರೊಳಗಿನ ಪುರುಷ ಅಭ್ಯರ್ಥಿ ಹನ್ನೆರಡು ನಿಮಿಷಗಳಲ್ಲಿ 1800 ಮೀಟರ್ ದೂರವನ್ನು ಓಡಿಯೋ ನಡೆದೋ ಕ್ರಮಿಸಬೇಕು. ಅಭ್ಯರ್ಥಿಯ ದೇಹವನ್ನೂ ಪಾಂಡಿತ್ಯವನ್ನೂ ಹೀಗೆ ಅಳೆಯುವ ನಿಯಮ, ಅವನು ಹದಿನೆಂಟರ ಹುಡುಗನೊಬ್ಬನಿಗೆ ಚೆಂಡನ್ನು ಎದೆಯ ಮೇಲೆ ತಡೆದು ಕಾಲಿಗಿಳಿಸಿಕೊಳ್ಳುವುದನ್ನು ಕಲಿಸಬಲ್ಲನೇ ಎಂಬುದನ್ನು ಮಾತ್ರ ಅಳೆಯುವುದಿಲ್ಲ. ಇದು ನಿಯಮದ ಪ್ರಮಾದವೆನ್ನುವಂತಿಲ್ಲ. ಅದರ ದೃಷ್ಟಿಯಲ್ಲಿ ನಿರ್ದೇಶಕ ಒಂದು ಆಟದವನಲ್ಲ.

ಆದರೆ ವ್ಯವಹಾರದಲ್ಲಿ ಅವನಿಂದ ಅಪೇಕ್ಷಿಸುವುದೇ ಬೇರೆ. ಕಬಡ್ಡಿ, ಖೋಖೋ, ಕ್ರಿಕೆಟ್, ಅಥ್ಲೆಟಿಕ್ಸ್ ಎಲ್ಲಕ್ಕೂ ಅವನೇ. ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸುವವನೂ, ಧ್ವಜವಂದನೆಗೆ ಹುಡುಗರನ್ನು ಸಾಲುಗೊಳಿಸುವವನೂ, ಪ್ರವೇಶದ ಕಾಲದಲ್ಲಿ ಅರ್ಜಿ ಪರಿಶೀಲಿಸುವವನೂ, ಪಂದ್ಯದಿಂದ ಬಂದ ಮೇಲೆ ಪ್ರಯಾಣಭತ್ಯೆಯ ಬಿಲ್ಲಿಗೆ ಸಹಿ ಸಂಗ್ರಹಿಸುವವನೂ ಅವನೇ. ವಿಶ್ವವಿದ್ಯಾಲಯದ ತಂಡ ಆಯ್ಕೆಯಾದಾಗಲೂ ಯಾವುದೋ ಕಾಲೇಜಿನ ನಿರ್ದೇಶಕರೊಬ್ಬರನ್ನು ಕೋಚ್ ಎಂದೂ ಇನ್ನೊಬ್ಬರನ್ನು ಮ್ಯಾನೇಜರ್ ಎಂದೂ ಹೆಸರಿಸಿ, ಕೆಲವು ದಿನಗಳ ಶಿಬಿರವನ್ನು ನಡೆಸಿ, ರೈಲು ಹತ್ತಿಸುವುದು ರೂಢಿಯಾಗಿದೆ. ನಮ್ಮ ಕಾಲೇಜುಗಳಲ್ಲಿ ಆಟ ಸಂಪೂರ್ಣವಾಗಿ ನಿಂತುಹೋಗದಿರುವುದಕ್ಕೆ ಅಧ್ಯಾಪಕ ಮಾರ್ಗವೇ ಕಾರಣ. ಆಟದ ಮಟ್ಟ ಮೇಲೇರದಿರುವುದಕ್ಕೂ ಅದರ ಹೊರೆಯೇ ಒಂದು ಕಾರಣ.

ತಜ್ಞರ ಮಾರ್ಗ

ಮೂರನೆಯ ಪಕ್ಷದವರು ಕಾಲದ ಗತಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಇಂದಿನ ಫುಟ್‌ಬಾಲ್ ತಂಡದ ಬೆನ್ನ ಹಿಂದೆ ಮುಖ್ಯ ತರಬೇತುದಾರ, ಸಹಾಯಕ, ಗೋಲಿಯ ತರಬೇತುದಾರ, ದೇಹಬಲದ ತರಬೇತುದಾರ, ಫಿಸಿಯೋ, ಆಟದ ಚಿತ್ರಗಳನ್ನು ಪರೀಕ್ಷಿಸುವ ವಿಶ್ಲೇಷಕ, ಮ್ಯಾನೇಜರ್ ಎಂಬ ಪರಿವಾರವಿರುತ್ತದೆ. ತರಬೇತುದಾರರಿಗೂ ಮೆಟ್ಟಿಲುಗಳುಂಟು: ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಡಿ ಲೈಸೆನ್ಸಿನಿಂದ ಮೊದಲಾಗಿ ಸಿ, ಬಿ, ಎ ಎಂದು ಏರುತ್ತ ಏಷ್ಯನ್ ಒಕ್ಕೂಟದ ಪ್ರೊ ಲೈಸೆನ್ಸಿನವರೆಗೆ.

ಇದು ಬರಿಯ ಆಡಂಬರವಲ್ಲವೆಂಬುದಕ್ಕೆ ಗೋಲಿಯೊಬ್ಬನನ್ನು ನೋಡಿದರೆ ಸಾಕು. ಉಳಿದ ಹತ್ತು ಮಂದಿ ಓಡುವುದನ್ನು ಕಲಿಯುವಾಗ ಅವನು ಬೀಳುವುದನ್ನು ಕಲಿಯಬೇಕು: ಮೊದಲು ಮಂಡಿಯೂರಿ, ಆಮೇಲೆ ಕುಕ್ಕರಗಾಲಿನಿಂದ, ಆಮೇಲೆ ನಿಂತಲ್ಲಿಂದ, ಮೊಣಕೈ ನೆಲಕ್ಕೆ ತಾಗದಂತೆ, ತೊಡೆಯ ಹೊರಮಗ್ಗುಲಿನ ಮೇಲೂ ಭುಜದ ಬೆನ್ನಿನ ಮೇಲೂ ಭಾರ ಹಂಚಿಕೊಳ್ಳುವಂತೆ. ಫೆಬ್ರವರಿಯಲ್ಲಿ ಕಲ್ಲಿನಂತೆ ಗಟ್ಟಿಗೊಂಡ ಎರೆಯ ಬಯಲಿನಲ್ಲಿ ಈ ಕ್ರಮವನ್ನು ಕಲಿಸದೆ ಹುಡುಗನನ್ನು ಚೆಂಡಿನ ಮೇಲೆ ಹಾರಲು ಬಿಟ್ಟರೆ ಅವನು ಚೆಂಡನ್ನು ಹಿಡಿಯುವುದಕ್ಕಿಂತ ಮೊದಲು ತೋಳಿನ ಮೂಳೆಯನ್ನು ಕಳೆದುಕೊಂಡಾನು. ಹತ್ತು ಮಂದಿಯ ಆಟವನ್ನು ನೋಡುತ್ತಿರುವ ಒಬ್ಬನೇ ಕೋಚ್ ಈ ಪಾಠಕ್ಕೆ ವೇಳೆಯನ್ನು ಎಲ್ಲಿಂದ ತರಬೇಕು?

ಈ ಮಾರ್ಗದ ತುತ್ತತುದಿ ಅಮೆರಿಕೆಯಲ್ಲಿದೆ. ಅದರ ಮೇಲಣ ಆಕ್ಷೇಪವೂ ಮೊದಲು ಹುಟ್ಟಿದ್ದು ಅಲ್ಲಿಯೇ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಮೊದಲ ಸಲ ಎದುರಾದಾಗ ತಂಡಗಳನ್ನು ನಡೆಸಿದವರು ವಿದ್ಯಾರ್ಥಿಗಳೇ. 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಏಮಸ್ ಅಲೊಂಜೊ ಸ್ಟ್ಯಾಗ್ ಎಂಬವರನ್ನು ಸಹಪ್ರಾಧ್ಯಾಪಕ ಪದವಿಯಿತ್ತು ತರಬೇತುದಾರನನ್ನಾಗಿ ಕರೆತಂದಿತು. ತರಬೇತುದಾರನೂ ಆಚಾರ್ಯನೇ ಎಂಬ ಗೌರವ ಅಲ್ಲಿತ್ತು. ಬರಬರುತ್ತ ಟಿಕೀಟಿನ ಹಣ ಹೆಚ್ಚಿ, ಹಣದ ಬೆನ್ನಿಗೆ ಪರಿವಾರವೂ ಹೆಚ್ಚಿತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಹೊರತಂದ ವರದಿ, ಕಾಲೇಜು ಕ್ರೀಡೆ ವಾಣಿಜ್ಯದ ವಶವಾಗಿದೆಯೆಂದೂ ಆಟಗಾರರನ್ನು ಹಣ ತೆತ್ತು ಕರೆತರುವ ಪದ್ಧತಿ ಬೇರೂರಿದೆಯೆಂದೂ ತೀಕ್ಷ್ಣವಾಗಿ ಟೀಕಿಸಿತು. ಟೀಕೆಯನ್ನು ಎಲ್ಲರೂ ಓದಿದರು, ಪರಿವಾರವಾದರೋ ಬೆಳೆಯುತ್ತಲೇ ಹೋಯಿತು. ಇಂದು ಅಲ್ಲಿನ ಅನೇಕ ರಾಜ್ಯಗಳಲ್ಲಿ ಸಾರ್ವಜನಿಕ ನೌಕರರ ಪೈಕಿ ಅತ್ಯಧಿಕ ವೇತನ ಪಡೆಯುವವನು ವಿಶ್ವವಿದ್ಯಾಲಯದ ತಂಡದ ತರಬೇತುದಾರ. ತಜ್ಞರು ಹೆಚ್ಚಿದಷ್ಟೂ ಆಟ ಮೇಲೇರುವುದೆಂಬುದನ್ನು ಅಮೆರಿಕ ತೋರಿಸಿದೆ. ಆಟ ಮೇಲೇರಿದಷ್ಟೂ ಅದು ವಿದ್ಯಾರ್ಥಿಯ ಕೈಯಿಂದ ದೂರ ಸರಿಯುವುದೆಂಬುದನ್ನೂ ತೋರಿಸಿದೆ.

ಆಟಗಾರರೇ ಸಾಕೆನ್ನುವವರು

ನಾಲ್ಕನೆಯ ಪಕ್ಷಕ್ಕೆ ಗ್ರಂಥಗಳಿಲ್ಲ, ಆದರೆ ಹಳ್ಳಿಗಳಲ್ಲಿ ಅದರ ಅನುಯಾಯಿಗಳು ಬಹಳ. ಊರ ಕಬಡ್ಡಿ ತಂಡವನ್ನು ಕಟ್ಟಿದವನು ಯಾವ ಡಿಪ್ಲೊಮಾ ಪಡೆದಿದ್ದನು? ಹಿರಿಯ ಆಟಗಾರ ಕಿರಿಯನಿಗೆ ಹೇಳಿಕೊಡುತ್ತಾನೆ, ನಾಯಕ ಆರಿಸುತ್ತಾನೆ, ಸೋತರೆ ಕಟ್ಟೆಯ ಮೇಲೆ ಕುಳಿತು ಎಲ್ಲರೂ ಕಾರಣ ಹುಡುಕುತ್ತಾರೆ. ಕಾಲೇಜಿನಲ್ಲಿಯೂ ಅಂತಿಮ ವರ್ಷದ ನಾಯಕನೇ ಅನೇಕ ವೇಳೆ ನಿಜವಾದ ಕೋಚ್. ಫುಟ್‌ಬಾಲಿನ ನಿಯಮಗಳೂ ದೀರ್ಘಕಾಲ ಈ ಪಕ್ಷದ ಕಡೆಗೇ ಇದ್ದುವು. ಆಟ ನಡೆಯುತ್ತಿರುವಾಗ ಗೆರೆಯ ಆಚೆಯಿಂದ ಬೋಧಿಸುವುದನ್ನು ಅವು ಮೆಚ್ಚುತ್ತಿರಲಿಲ್ಲ. ತರಬೇತುದಾರ ನಿಂತು ಸೂಚನೆ ಕೊಡುವುದಕ್ಕೆ ಗೊತ್ತಾದ ಸ್ಥಳವನ್ನು ನಿಯಮಾವಳಿಯಲ್ಲಿ ಗುರುತಿಸಿದ್ದು 1990ರ ದಶಕದಲ್ಲಿ.

ಬಯಲಿನಲ್ಲಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕಾದವನು ಆಟಗಾರನೇ ಹೊರತು ಬೇರೆ ಯಾರೂ ಅಲ್ಲವೆಂಬ ಸತ್ಯವನ್ನು ಈ ಪಕ್ಷ ನಮಗೆ ನೆನಪಿಸುತ್ತದೆ. ಆದರೆ ಪದವಿಯ ಅವಧಿ ಮೂರೋ ನಾಲ್ಕೋ ವರ್ಷ. ಕಲಿತವನು ಕಲಿಸುವ ಹೊತ್ತಿಗೆ ಪ್ರಮಾಣಪತ್ರ ತೆಗೆದುಕೊಂಡು ಹೊರಟಿರುತ್ತಾನೆ. ತಪ್ಪುಗಳು ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತವೆ.

ಪ್ರತಿಭೆಯನ್ನೇ ಸಾಗಿಸುವ ಮಾರ್ಗ

ಮೇಲಣ ನಾಲ್ಕೂ ಪಕ್ಷಗಳು ಗುರುವನ್ನು ಕಾಲೇಜಿಗೆ ತರುವ ಮಾತನಾಡಿದರೆ, ಐದನೆಯ ಪಕ್ಷ ಹುಡುಗನನ್ನೇ ಗುರುವಿದ್ದಲ್ಲಿಗೆ ಕಳುಹಿಸುವ ಮಾತನಾಡುತ್ತದೆ. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗಾಗುವ ಮುನ್ನ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಶಾಲೆಯ ವೇಳೆಗೆ ಊರಿಗೆ ಬರುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಕಡೆಗೆ ಸುಮಾರು ಅರವತ್ತು ಕಿಲೋಮೀಟರ್ ಹಾದಿ. ಸರಕಾರದ ಕ್ರೀಡಾ ವಸತಿ ನಿಲಯಗಳೂ ಕ್ರೀಡಾ ಪ್ರಾಧಿಕಾರದ ಕೇಂದ್ರಗಳೂ ಈ ಪ್ರಯಾಣವನ್ನು ಸುಗಮಗೊಳಿಸಲೆಂದೇ ಹುಟ್ಟಿದುವು.

ಫುಟ್‌ಬಾಲಿನಲ್ಲಿ ಈ ಕೇಂದ್ರೀಕರಣ ಬಹಳ ಹಿಂದೆಯೇ ಆಗಿಹೋಗಿದೆ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್, ನಾಲ್ಕು ಸಲ ಸಂತೋಷ್ ಟ್ರೋಫಿಯನ್ನೆತ್ತಿದ ಮೈಸೂರು ತಂಡ, ಇವೆಲ್ಲವೂ ಬೆಂಗಳೂರಿನ ದಂಡುಪ್ರದೇಶ, ಕ್ಲಬ್ಬು, ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದುವು. 1968–69ರ ತರುವಾಯ ಐವತ್ತನಾಲ್ಕು ವರ್ಷ ಕಾದು 2023ರ ಮಾರ್ಚಿನಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ಗೆದ್ದಿತು. ರಾಜ್ಯಕ್ಕೆ ಕೀರ್ತಿ ಬರಲು ಈ ಮಾರ್ಗ ಸಾಕು. ಆದರೆ ನಿಪುಣನಾದ ಒಬ್ಬ ಹುಡುಗ ಹೊರಟುಹೋದ ಮೇಲೆ ರೋಣದ ಕಾಲೇಜಿನ ಬಯಲಿನಲ್ಲಿ ಉಳಿದವರಿಗೆ ಅದರಿಂದ ಏನೂ ದೊರೆಯುವುದಿಲ್ಲ.

ಭೇದದ ಮೂಲ

ಐದೂ ಪಕ್ಷಗಳನ್ನು ಹೀಗೆ ಅಕ್ಕಪಕ್ಕದಲ್ಲಿಟ್ಟಾಗ, ಅವು ಜಗಳವಾಡುತ್ತಿರುವುದು ತರಬೇತುದಾರರ ಸಂಖ್ಯೆಯ ವಿಷಯವಾಗಿ ಅಲ್ಲವೆಂಬುದು ಸ್ಪಷ್ಟವಾಗುತ್ತದೆ; ತರಬೇತಿ ಯಾರಿಗಾಗಿ ಎಂಬುದೇ ಅವುಗಳ ನಿಜವಾದ ವಿವಾದ. ವಸ್ತಾದನಿಗೆ ಶಿಷ್ಯ ಮುಖ್ಯ, ಅಧ್ಯಾಪಕನಿಗೆ ಕಾಲೇಜು ಮುಖ್ಯ, ತಜ್ಞನಿಗೆ ಪಂದ್ಯ ಮುಖ್ಯ, ನಾಯಕನಿಗೆ ತನ್ನ ಸಂಗಡಿಗರು ಮುಖ್ಯ, ವಸತಿ ನಿಲಯಕ್ಕೆ ರಾಜ್ಯದ ಪದಕ ಮುಖ್ಯ. ನಮ್ಮ ಕಾಲೇಜುಗಳು ಅಧ್ಯಾಪಕನನ್ನು ನೇಮಿಸಿಕೊಂಡು, ವಸ್ತಾದನ ನಿಷ್ಠೆಯನ್ನು ಅಪೇಕ್ಷಿಸಿ, ತಜ್ಞನ ಫಲಿತಾಂಶವನ್ನು ಕೇಳುತ್ತವೆ. ಒಂದು ಹುದ್ದೆಗೆ ಮೂರು ಉದ್ದೇಶಗಳನ್ನು ಹೊರಿಸಿದಲ್ಲಿ ಮೂರೂ ಅರೆಯಾಗಿ ಉಳಿಯುವುದು ಸಹಜ. ಕಾಲೇಜು ಮೊದಲು ತನ್ನ ಉದ್ದೇಶವನ್ನು ಹೇಳಿಕೊಂಡರೆ ಗುರುಗಳ ಸಂಖ್ಯೆ ತಾನಾಗಿಯೇ ಗೊತ್ತಾಗುವುದೆಂದು ಈ ಲೇಖಕನ ಮತ.

ಇನ್ನೂ ತೀರ್ಮಾನವಾಗದುವು

ಇಷ್ಟಾದರೂ ಕೆಲವು ಪ್ರಶ್ನೆಗಳು ಬಗೆಹರಿಯದೆ ನಿಂತಿವೆ. ಮೊದಲನೆಯದು ಅಳತೆಯದು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿದ ಸರಕಾರ ಗುರುವಿನ ಯೋಗ್ಯತೆಯನ್ನು ಶಿಷ್ಯನ ಪದಕದಿಂದ ಅಳೆಯಿತು. ಯಾವ ಪದಕವನ್ನೂ ಗೆಲ್ಲದ ಮುನ್ನೂರು ಹುಡುಗರನ್ನು ಪ್ರತಿ ಸಂಜೆ ಬಯಲಿಗಿಳಿಸಿದ ನಿರ್ದೇಶಕನ ಯೋಗ್ಯತೆಗೆ ಮಾನದಂಡ ಯಾವುದು?

ಎರಡನೆಯದು ಹಂಚಿಕೆಯದು. ಒಂದು ತಾಲ್ಲೂಕಿನ ಕಾಲೇಜುಗಳೆಲ್ಲ ಕೂಡಿ ಫುಟ್‌ಬಾಲಿಗೊಬ್ಬ, ಕಬಡ್ಡಿಗೊಬ್ಬ ಎಂದು ತರಬೇತುದಾರರನ್ನು ಸಾಮಾನ್ಯವಾಗಿ ಇಟ್ಟುಕೊಳ್ಳಬಹುದೆಂಬ ಸಲಹೆ ಕೇಳುವುದಕ್ಕೆ ಹಿತವಾಗಿದೆ. ಪಂದ್ಯದಲ್ಲಿ ಪರಸ್ಪರ ಎದುರಾಗುವ ಎರಡು ತಂಡಗಳಿಗೆ ಒಬ್ಬನೇ ಕೋಚ್ ಆದಾಗ ಅವನು ಯಾವ ಬದಿಯ ಬೆಂಚಿನ ಮೇಲೆ ಕೂಡುವನೆಂಬುದನ್ನು ಸಲಹೆಗಾರರು ಹೇಳಿಲ್ಲ.

ಮೂರನೆಯದು ಅರ್ಹತೆಯದು. ಸೈನ್ಯದಲ್ಲೋ ರೈಲ್ವೆಯಲ್ಲೋ ಹತ್ತಾರು ವರ್ಷ ಆಡಿ ಊರಿಗೆ ಹಿಂದಿರುಗಿದ ಆಟಗಾರನಿಗೆ ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚಿರಬೇಕೆ? ತೆರೆದರೆ, ಅವನ ಮೇಲ್ವಿಚಾರಣೆ ಯಾರದು, ಸಂಬಳ ಯಾರದು?

ನಾಲ್ಕನೆಯದು ವಿದ್ಯಾರ್ಥಿನಿಯರದು. ಹೆಣ್ಣುಮಕ್ಕಳ ತಂಡಕ್ಕೆ ತರಬೇತುದಾರಳೇ ಬೇಕೆಂದು ಪಾಲಕರು ಕೇಳುತ್ತಾರೆ. ಒಂದೇ ಹುದ್ದೆಯಿರುವ ಕಾಲೇಜಿನಲ್ಲಿ ಆ ಹುದ್ದೆ ಪುರುಷನದಾಗಿದ್ದರೆ ತಂಡವೇ ಕೂಡುವುದಿಲ್ಲ. ಸಂಜೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಸವಡಿಯಂಥ ಊರಿಗೆ ಬಸ್ಸು ಉಂಟೇ ಎಂಬುದು ಯಾವ ತರಬೇತಿಯ ಶಾಸ್ತ್ರದಲ್ಲಿಯೂ ಬರೆದಿಲ್ಲವಾದರೂ, ತಂಡದ ಅಳಿವು ಉಳಿವು ಅನೇಕ ವೇಳೆ ಅದರ ಮೇಲೆಯೇ ನಿಂತಿರುತ್ತದೆ.

ಕೊನೆಯದು ಋತುವಿನದು. ಹಿಂಗಾರಿಯ ಬಿತ್ತನೆಗೆ ಮನೆಯವರು ಮಗನನ್ನು ಕರೆಯುವ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಿಗೂ ಕಾಲೇಜುಗಳ ಪಂದ್ಯದ ಕಾಲಕ್ಕೂ ಘರ್ಷಣೆ ತಪ್ಪಿದ್ದಲ್ಲ. ತರಬೇತುದಾರರು ಒಬ್ಬರಿರಲಿ ಹತ್ತು ಮಂದಿಯಿರಲಿ, ಬಿತ್ತನೆಯ ವಾರದಲ್ಲಿ ಬಯಲಿಗೆ ಬಾರದ ಹುಡುಗನನ್ನು ತಂಡದಿಂದ ಕೈಬಿಡಬೇಕೆ, ಕಾಯಬೇಕೆ ಎಂಬ ಪ್ರಶ್ನೆಗೆ ಪಟಿಯಾಲವೂ ಗ್ವಾಲಿಯರವೂ ಉತ್ತರ ಹೇಳಿಕೊಟ್ಟಿಲ್ಲ. ಆಯಾ ವರ್ಷ ಆಯಾ ನಿರ್ದೇಶಕನೇ ಅದನ್ನು ತೀರ್ಮಾನಿಸುತ್ತಿದ್ದಾನೆ.